ಕೂಡದ ಎಲುಬು, ಬೆಳೆಸುವ ಎಲುಬು

ವಿಜಯಪುರದ ಯಾವುದೇ ದೊಡ್ಡ ಆಸ್ಪತ್ರೆಯ ಎಲುಬು-ಕೀಲು ವಿಭಾಗದ ಮುಂದೆ ಸ್ವಲ್ಪ ಹೊತ್ತು ಕುಳಿತರೆ ಸಾಕು, ‘ರಾಡ್ ಹಾಕ್ಯಾರ್ರಿ, ಆದ್ರ ಎಲುಬು ಕೂಡಿಲ್ಲ’ ಎಂಬ ಮಾತು ಕಿವಿಗೆ ಬೀಳುತ್ತದೆ. ಹಾಗೆ ಹೇಳುವವರು ತಿಕೋಟಾದ ದ್ರಾಕ್ಷಿ ತೋಟದವರಿರಬಹುದು, ಬಬಲೇಶ್ವರದ ಕಡೆ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುವವರಿರಬಹುದು, ಸೊಲ್ಲಾಪುರ ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದ ಹುಡುಗನಿರಬಹುದು. ದುಡಿಯುವ ಕಾಲು ವರ್ಷಗಟ್ಟಲೆ ಮಂಚ ಹಿಡಿದರೆ ಮನೆಯ ಲೆಕ್ಕವೇ ತಪ್ಪುತ್ತದೆ. ಪ್ರಯೋಗಾಲಯದಲ್ಲಿ ಜೀವಂತ ಎಲುಬು ಬೆಳೆಸುವ ಸುದ್ದಿ ಓದಿದಾಗಲೆಲ್ಲ ನನಗೆ ನೆನಪಾಗುವುದು ಇವರೇ.

ಮುರಿದ ಎಲುಬು ಕೂಡುವುದೇ ಪ್ರಕೃತಿಯ ರೂಢಿ. ಚರ್ಮಕ್ಕೆ ಆಳವಾದ ಗಾಯವಾದರೆ ಕಲೆ ಉಳಿಯುತ್ತದೆ. ಎಲುಬು ಮಾತ್ರ ಕಲೆ ಉಳಿಸದೆ ಮೊದಲಿನಂತಾಗಬಲ್ಲದು. ಹಳೆಯದನ್ನು ಕರಗಿಸುವ ಕೋಶಗಳೂ ಹೊಸದನ್ನು ಕಟ್ಟುವ ಕೋಶಗಳೂ ಅದರೊಳಗೆ ಬದುಕಿನುದ್ದಕ್ಕೂ ದುಡಿಯುತ್ತಿರುತ್ತವೆ. ವಯಸ್ಕರ ಅಸ್ಥಿಪಂಜರದಲ್ಲಿ ಪ್ರತಿವರ್ಷ ಸುಮಾರು ಶೇ 10ರಷ್ಟು ಹೊಸದಾಗುತ್ತದೆ. ತೊಂದರೆ ಬರುವುದು ಎಲುಬಿನ ತುಂಡೇ ಹೋದಾಗ. ಮೊಣಕಾಲ ಕೆಳಗಿನ ಮುಂಗಾಲೆಲುಬು ಚರ್ಮಕ್ಕೆ ತಾಗಿಕೊಂಡೇ ಇದೆ. ಮುಂದೆ ಮಾಂಸದ ಹೊದಿಕೆಯಿಲ್ಲ, ರಕ್ತದ ಹರಿವೂ ಕಡಿಮೆ. ಅಪಘಾತದಲ್ಲಿ ಅದು ಚರ್ಮ ಸೀಳಿ ಹೊರಬಂದು, ಮಣ್ಣು ಮೆತ್ತಿ, ಕೀವಾದರೆ ಸತ್ತ ಭಾಗವನ್ನು ವೈದ್ಯರು ಕತ್ತರಿಸಿ ತೆಗೆಯಲೇಬೇಕು. ಹಾಗೆ ಉಳಿದ ಐದಾರು ಸೆಂಟಿಮೀಟರ್ ಖಾಲಿ ಜಾಗವನ್ನು ದೇಹ ತಾನಾಗಿ ತುಂಬಿಕೊಳ್ಳಲಾರದು.

ಇಂಥಲ್ಲಿ ಇವತ್ತಿಗೂ ವೈದ್ಯರು ಹೆಚ್ಚು ನಂಬುವುದು ರೋಗಿಯದೇ ಎಲುಬನ್ನು. ಸೊಂಟದ ಮೇಲೆ ಕೈಯಿಟ್ಟು ನಿಂತಾಗ ಬೆರಳಿಗೆ ಸಿಗುವ ಅಂಚನ್ನು ಉಳಿಯಿಂದ ಬಿಡಿಸಿ, ಒಳಗಿನ ಮೆತ್ತನೆಯ, ರಕ್ತದಿಂದ ಒದ್ದೆಯಾದ ಚೂರುಗಳನ್ನು ತೆಗೆದು, ಕಾಲಿನ ಬಿರುಕಿಗೆ ತುಂಬುತ್ತಾರೆ. ಆ ಚೂರುಗಳಲ್ಲಿ ಜೀವಕೋಶಗಳಿವೆ, ಬೆಳವಣಿಗೆಗೆ ಪ್ರಚೋದನೆ ಕೊಡುವ ಪ್ರೋಟೀನುಗಳಿವೆ, ಹೊಸ ಎಲುಬು ಹಬ್ಬಲು ಚೌಕಟ್ಟೂ ಇದೆ. ಈ ಮೂರೂ ಒಟ್ಟಿಗೆ ಇರುವುದೇ ಅವುಗಳ ಹೆಚ್ಚುಗಾರಿಕೆ. ಆದರೆ ಸೊಂಟದಲ್ಲಿ ಸಿಗುವುದು ಸ್ವಲ್ಪವೇ, ಮತ್ತು ಕಾಲಿನ ನೋವಿನ ಜೊತೆಗೆ ಸೊಂಟದ ನೋವೂ ಸೇರುತ್ತದೆ. ದಾನಿಗಳ ಎಲುಬನ್ನು ಶುದ್ಧಗೊಳಿಸಿ ಕಾಯ್ದಿಡುವ ಅಂಗಾಂಶ ಬ್ಯಾಂಕುಗಳೂ ಇವೆ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಬ್ಯಾಂಕು 1988ರಿಂದ ಈ ಕೆಲಸ ಮಾಡುತ್ತಿದೆ. ಆದರೆ ಗಾಮಾ ಕಿರಣ ಹಾಯಿಸಿದ ಎಲುಬಿನಲ್ಲಿ ಜೀವವಿರುವುದಿಲ್ಲ. ಅದು ಚೌಕಟ್ಟಾಗಬಲ್ಲದು, ಅಷ್ಟೇ.

ಇಲ್ಲಿ ಗವ್ರೀಲ್ ಇಲಿಜರೋವ್ ಅವರನ್ನು ನೆನೆಯದೆ ಮುಂದೆ ಹೋಗಲು ಮನಸ್ಸಾಗದು. ಸೈಬೀರಿಯಾದ ಕುರ್ಗಾನ್ ಎಂಬ ಊರಿನ ಈ ವೈದ್ಯರು 1950ರ ದಶಕದಲ್ಲಿ ಎಲುಬು ಬೆಳೆಸಲು ರೋಗಿಯ ಕಾಲನ್ನೇ ಪ್ರಯೋಗಾಲಯ ಮಾಡಿಕೊಂಡರು. ಕಾಲಿನ ಸುತ್ತ ಉಕ್ಕಿನ ಬಳೆಗಳು, ಅವುಗಳಿಂದ ಎಲುಬಿಗೆ ಆರಪಾರ ಬಿಗಿದ ತಂತಿಗಳು. ಆರೋಗ್ಯವಾಗಿರುವ ಕಡೆ ಎಲುಬನ್ನು ನಾಜೂಕಾಗಿ ಕತ್ತರಿಸಿ, ಆ ತುಂಡನ್ನು ಖಾಲಿ ಜಾಗದ ಕಡೆಗೆ ನಿಧಾನವಾಗಿ ಸರಿಸುತ್ತ ಹೋಗಬೇಕು. ದಿನಕ್ಕೆ 1 ಮಿಲಿಮೀಟರ್ ಮಾತ್ರ, ಅದೂ ಕಾಲು ಕಾಲು ಮಿಲಿಮೀಟರಿನಂತೆ ನಾಲ್ಕು ಸಲ. ಮನೆಯಲ್ಲಿ ಸ್ಪ್ಯಾನರ್ ಹಿಡಿದು ನಟ್ಟು ತಿರುಗಿಸುವವರು ರೋಗಿಯ ಹೆಂಡತಿಯೋ ಮಗನೋ ಆಗಿರುತ್ತಾರೆ. ಸರಿದ ತುಂಡಿನ ಹಿಂದೆ ಹೊಸ ಎಲುಬು ಮೂಡುತ್ತ ಬರುತ್ತದೆ. 5 ಸೆಂಟಿಮೀಟರ್ ಸರಿಸಲು 50 ದಿನ. ಬೆಳೆದದ್ದು ಗಟ್ಟಿಯಾಗಲು ಇನ್ನೂ ಎಷ್ಟೋ ತಿಂಗಳು. ಅಷ್ಟು ಕಾಲ ಬಳೆ ಹೊತ್ತು, ತಂತಿಯ ಬುಡ ಕೀವಾಗದಂತೆ ದಿನವೂ ತೊಳೆಯುತ್ತ ಬದುಕುವುದು ತಪಸ್ಸೇ ಸರಿ. ಆದರೂ ಸೂಕ್ತ ಪ್ರಚೋದನೆಯೂ ರಕ್ತವೂ ಸಿಕ್ಕರೆ ಎಲುಬು ಸೆಂಟಿಮೀಟರುಗಟ್ಟಲೆ ಬೆಳೆಯಬಲ್ಲದು ಎಂಬುದು ಇದರಿಂದ ಖಚಿತವಾಯಿತು.

ಆ ಪ್ರಚೋದನೆ ಏನೆಂಬುದರ ಸುಳಿವು ಕೊಟ್ಟವರು ಅಮೆರಿಕದ ಮಾರ್ಷಲ್ ಯುರಿಸ್ಟ್. ಸುಣ್ಣದಂಶ ತೆಗೆದ ಎಲುಬನ್ನು ಪ್ರಾಣಿಗಳ ಮಾಂಸಖಂಡದೊಳಗೆ ಇಟ್ಟರೆ ಅಲ್ಲಿಯೇ ಹೊಸ ಎಲುಬು ಹುಟ್ಟುವುದನ್ನು ಅವರು 1965ರಲ್ಲಿ ಪ್ರಕಟಿಸಿದರು. ಅದರ ಹಿಂದಿರುವ ಪ್ರೋಟೀನುಗಳನ್ನು ಇಂದು ಕಾರ್ಖಾನೆಯಲ್ಲಿ ತಯಾರಿಸುತ್ತಾರೆ.

ಪ್ರಯೋಗಾಲಯದ ವಿಧಾನ ಹೀಗಿದೆ. ರೋಗಿಯ ಕೊಬ್ಬಿನಿಂದಲೋ ಎಲುಬಿನ ಮಜ್ಜೆಯಿಂದಲೋ ಆಕರ ಕೋಶಗಳನ್ನು (ಸ್ಟೆಮ್ ಸೆಲ್) ತೆಗೆದು ಹೆಚ್ಚಿಸುತ್ತಾರೆ. ಸಿಟಿ ಸ್ಕ್ಯಾನಿನ ಅಳತೆಯಂತೆ ರಂಧ್ರಮಯ ಚೌಕಟ್ಟೊಂದನ್ನು ಕೊರೆದು, ಕೋಶಗಳನ್ನು ಅದರೊಳಗೆ ಬಿತ್ತುತ್ತಾರೆ. ಆಮೇಲೆ ಅದನ್ನು ಅದೇ ಆಕಾರದ ಪುಟ್ಟ ಪೆಟ್ಟಿಗೆಯಲ್ಲಿಟ್ಟು, ದೇಹದ ಬಿಸಿಯಲ್ಲಿ, ಗುಲಾಬಿ ಬಣ್ಣದ ಪೋಷಕ ದ್ರವವನ್ನು ಪಂಪಿನಿಂದ ಬಿಡದೆ ಹಾಯಿಸುತ್ತಾರೆ. ಈ ದ್ರವ ಆಹಾರ ಒಯ್ಯುವುದಷ್ಟೇ ಅಲ್ಲ, ಹರಿಯುವಾಗ ಕೋಶಗಳನ್ನು ಸವರಿಕೊಂಡು ಹೋಗುತ್ತದೆ. ನಡೆದಾಡುವಾಗ ನಮ್ಮ ಎಲುಬಿನೊಳಗೂ ಹೀಗೆಯೇ ಆಗುವುದರಿಂದ, ಭಾರ ಬಿದ್ದಿದೆ ಎಂದು ತಿಳಿದು ಕೋಶಗಳು ಎಲುಬು ಕಟ್ಟತೊಡಗುತ್ತವೆ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಗೋರ್ಡಾನಾ ವುನ್ಯಾಕ್-ನೊವಾಕೊವಿಚ್ ಅವರ ತಂಡ 2010ರಲ್ಲಿ ದವಡೆಯ ಕೀಲಿನ ಆಕಾರದ ಎಲುಬನ್ನು ಹೀಗೆ ಬೆಳೆಸಿತು. 2016ರಲ್ಲಿ ಅಂಥದ್ದನ್ನು ಪುಟ್ಟ ತಳಿಯ ಹಂದಿಗಳ ದವಡೆಗೆ ಜೋಡಿಸಿ ಯಶಸ್ವಿಯಾಯಿತು. ಅಲ್ಲಿಂದ ಹುಟ್ಟಿದ ಎಪಿಬೋನ್ ಕಂಪನಿ ಮನುಷ್ಯರ ಮೇಲಿನ ಸಣ್ಣ ಪರೀಕ್ಷೆಗೂ ಕಾಲಿಟ್ಟಿದೆ.

ಹಾಗಾದರೆ ಈ ವಿಧಾನ ಕಾಲಿನ ಎಲುಬಿಗೆ ಏಕೆ ಬಂದಿಲ್ಲ? ಅಡ್ಡ ನಿಂತಿರುವುದು ರಕ್ತ. ಜೀವಕೋಶವೊಂದು ರಕ್ತನಾಳದಿಂದ 0.2 ಮಿಲಿಮೀಟರಿಗಿಂತ ದೂರವಾದರೆ ಬದುಕುವುದು ಕಷ್ಟ. ಪೆಟ್ಟಿಗೆಯಲ್ಲಿ ಪಂಪು ಪೂರೈಸುತ್ತಿದ್ದ ಆಹಾರ ದೇಹದೊಳಗೆ ಹೋದ ಕೂಡಲೇ ನಿಲ್ಲುತ್ತದೆ. ಹೊಸ ನಾಳಗಳು ಹಬ್ಬಿ ಬರುವಷ್ಟರಲ್ಲಿ ನಡುಭಾಗದ ಕೋಶಗಳು ಸಾಯುತ್ತವೆ. ತಿಕೋಟಾದ ದ್ರಾಕ್ಷಿ ಬೆಳೆಗಾರರಿಗೆ ಈ ಸಂಕಟ ಹೊಸದೇನಲ್ಲ. ಡಾಗ್‌ರಿಜ್ ಬೇರುಗಿಡದ ಮೇಲೆ ಥಾಮ್ಸನ್ ಕಡ್ಡಿ ಕಸಿ ಕಟ್ಟುವಾಗ ತೊಗಟೆಯ ಕೆಳಗಿನ ಹಸಿ ಪದರಗಳು ಒಂದಕ್ಕೊಂದು ತಾಗದಿದ್ದರೆ, ಕಡ್ಡಿ ಎಷ್ಟೇ ಚೆನ್ನಾಗಿದ್ದರೂ ಒಣಗಿಹೋಗುತ್ತದೆ.

ಜರ್ಮನಿಯ ಕೀಲ್ ನಗರದ ವೈದ್ಯರು 2004ರಲ್ಲಿ ಇದಕ್ಕೊಂದು ದಾರಿ ತೋರಿಸಿದರು. ಕ್ಯಾನ್ಸರಿನಿಂದ ಕೆಳದವಡೆ ಕಳೆದುಕೊಂಡಿದ್ದ ವ್ಯಕ್ತಿಗಾಗಿ ಟೈಟಾನಿಯಂ ಜಾಲರಿ ಮಾಡಿ, ಅದಕ್ಕೆ ಎಲುಬಿನ ಖನಿಜ, ಪ್ರಚೋದಕ ಪ್ರೋಟೀನು ಮತ್ತು ಅವರದೇ ಮಜ್ಜೆ ತುಂಬಿ, ಅವರ ಬೆನ್ನಿನ ಸ್ನಾಯುವಿನೊಳಗೆ ಏಳು ವಾರ ಬೆಳೆಸಿದರು. ಎಲುಬಿನ ಜೊತೆಗೆ ರಕ್ತನಾಳವೂ ಸಿದ್ಧವಾಯಿತು. ಅದನ್ನು ಮುಖಕ್ಕೆ ಜೋಡಿಸಿದ ಮೇಲೆ ಅವರು ಎಷ್ಟೋ ವರ್ಷಗಳಲ್ಲಿ ಮೊದಲ ಸಲ ಗಟ್ಟಿ ಆಹಾರ ಅಗಿದು ತಿಂದರು. ಗುಟ್ಕಾ, ತಂಬಾಕಿನಿಂದ ದವಡೆ ಕಳೆದುಕೊಳ್ಳುವವರು ನಮ್ಮಲ್ಲಿ ಎಷ್ಟೊಂದು ಮಂದಿ! ಅವರಿಗೆ ಈಗ ಕಾಲಿನ ಸಣ್ಣೆಲುಬನ್ನು ರಕ್ತನಾಳ ಸಮೇತ ತೆಗೆದು ದವಡೆ ಕಟ್ಟುತ್ತಾರೆ. ಒಳ್ಳೆಯ ಚಿಕಿತ್ಸೆಯೇ, ಆದರೆ ಕಾಲಿಗೂ ಒಂದು ಗಾಯ ತಪ್ಪಿದ್ದಲ್ಲ.

ನಮ್ಮ ದೇಶವೂ ಸುಮ್ಮನೆ ಕುಳಿತಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಿಕ್ರಮ್‌ಜಿತ್ ಬಸು ಅವರ ತಂಡ ಎಲುಬಿಗೆ ಒಗ್ಗುವ ಸೆರಾಮಿಕ್‌ಗಳನ್ನೂ ವಿದ್ಯುತ್ತಿನ ಪ್ರಚೋದನೆಗೆ ಕೋಶಗಳು ಸ್ಪಂದಿಸುವ ಬಗೆಯನ್ನೂ ಅಭ್ಯಸಿಸಿದೆ. ಕೌಶಿಕ್ ಚಟರ್ಜಿ ಅವರ ತಂಡ ತ್ರೀಡಿ ಮುದ್ರಣದ ಚೌಕಟ್ಟುಗಳ ಮೇಲೆ ಕೆಲಸ ಮಾಡುತ್ತಿದೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ಮೇಕೆಗಳ ತೊಡೆಯೆಲುಬಿನ ದೊಡ್ಡ ಬಿರುಕನ್ನು ಸೆರಾಮಿಕ್ ಮತ್ತು ಅವುಗಳದೇ ಕೋಶಗಳಿಂದ ಕೂಡಿಸಿ ತೋರಿಸಿದೆ. ರೋಗಿಯ ಮಜ್ಜೆಯಿಂದ ಎಲುಬು ಕಟ್ಟುವ ಕೋಶಗಳನ್ನು ಬೆಳೆಸಿ, ರಕ್ತವಿಲ್ಲದೆ ಸಾಯುತ್ತಿರುವ ತೊಡೆಯೆಲುಬಿನ ತಲೆಗೆ ತುಂಬುವ ಮುಂಬೈನ ರೀಗ್ರೋ ಬಯೋಸೈನ್ಸಸ್‌ನ ಚಿಕಿತ್ಸೆಗೆ 2017ರಲ್ಲಿ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯ ಅನುಮತಿಯೂ ಸಿಕ್ಕಿದೆ.

ವಿಜಯಪುರದಲ್ಲಿ 1984ರ ಅಲ್-ಅಮೀನ್ ಮತ್ತು 1986ರ ಬಿಎಲ್‌ಡಿಇಯ ಬಿ.ಎಂ. ಪಾಟೀಲ, ಹೀಗೆ ಎರಡು ವೈದ್ಯಕೀಯ ಕಾಲೇಜುಗಳಿವೆ. ಎಲುಬು ಬೆಳೆಸುವ ಪರೀಕ್ಷೆಗಳು ನಮ್ಮಲ್ಲಿ ನಡೆಯುವಾಗ ಇಂಥ ಜಿಲ್ಲಾ ಕೇಂದ್ರಗಳೂ ಅದರಲ್ಲಿ ಇರಬೇಕು. ಹೊಲದ ಮಣ್ಣು ಮೆತ್ತಿದ, ಕೀವಾದ, ತಡವಾಗಿ ಬಂದ ಮುರಿತಗಳಲ್ಲೂ ಗೆದ್ದರೆ ಮಾತ್ರ ಆ ಚಿಕಿತ್ಸೆ ನಮಗೆ ಉಪಯೋಗಕ್ಕೆ ಬಂದಂತೆ.

ಅಲ್ಲಿಯವರೆಗೆ ಓದುಗರಲ್ಲಿ ಕೆಲವು ಮನವಿ. ಎಲುಬು ಮುರಿದು ಗಾಯವಾಗಿದ್ದರೆ ಬಿಗಿಯಾಗಿ ಪಟ್ಟಿ ಕಟ್ಟಿಸಿಕೊಳ್ಳಲು, ತಿಕ್ಕಿಸಿಕೊಳ್ಳಲು ಹೋಗಬೇಡಿ. ಸ್ವಚ್ಛ ಬಟ್ಟೆ ಮುಚ್ಚಿ, ಕಾಲು ಅಲುಗದಂತೆ ಆಧಾರ ಕೊಟ್ಟು, ನೇರ ಆಸ್ಪತ್ರೆಗೆ ಬನ್ನಿ. ಮೊದಲ ಕೆಲವು ತಾಸುಗಳ ಶುಚಿಯೇ ಎಷ್ಟೋ ಎಲುಬುಗಳನ್ನು ಉಳಿಸುತ್ತದೆ. ಬೀಡಿ, ಸಿಗರೇಟು ಸೇದಿದರೆ ಎಲುಬು ಕೂಡುವುದು ತಡವಾಗುತ್ತದೆ, ಬಿಟ್ಟುಬಿಡಿ. ಸಕ್ಕರೆ ಕಾಯಿಲೆಯಿದ್ದರೆ ಹತೋಟಿಯಲ್ಲಿಡಿ. ‘ಸ್ಟೆಮ್ ಸೆಲ್ ಹಾಕಿ ಎಲುಬು ಬೆಳೆಸುತ್ತೇವೆ’ ಎಂದು ಯಾರಾದರೂ ಲಕ್ಷಗಟ್ಟಲೆ ಕೇಳಿದರೆ, ಔಷಧ ನಿಯಂತ್ರಣ ಸಂಸ್ಥೆಯ ಅನುಮತಿ ಪತ್ರ ತೋರಿಸಲು ಹೇಳಿ. ಪರೀಕ್ಷೆಯ ಹಂತದಲ್ಲಿದೆ ಎಂದರೆ ಭಾರತೀಯ ಕ್ಲಿನಿಕಲ್ ಟ್ರಯಲ್ ನೋಂದಣಿಯ ಸಂಖ್ಯೆ ಕೇಳಿ. ಅದನ್ನು ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಎರಡೂ ಇಲ್ಲದಿದ್ದರೆ ಹೊಲ ಮಾರಿ ಹಣ ಕಟ್ಟಬೇಡಿ.