ವಡಲೂರು ರಾಮಲಿಂಗ ಸ್ವಾಮಿಗಳ ಜೀವಕಾರುಣ್ಯ ತತ್ತ್ವ

ತಮಿಳುನಾಡಿನಲ್ಲಿ ‘ವಳ್ಳಲಾರ್’ ಎಂದೇ ಪ್ರಸಿದ್ಧರಾದ ರಾಮಲಿಂಗ ಸ್ವಾಮಿಗಳನ್ನು ಕುರಿತು ಬರೆಯುವವರು ಬಹುಮಟ್ಟಿಗೆ ಅವರ ಜೀವಿತದ ಕೊನೆಯ ದಿನದಿಂದಲೇ ಮಾತನ್ನಾರಂಭಿಸುತ್ತಾರೆ. ೧೮೭೪ನೆಯ ಜನವರಿ ೩೦ರಂದು ಮೇಟ್ಟುಕುಪ್ಪದ ಕೋಣೆಯೊಂದನ್ನು ಹೊಕ್ಕು ಬಾಗಿಲು ಹಾಕಿಸಿಕೊಂಡವರು ಮರಳಿ ಯಾರ ಕಣ್ಣಿಗೂ ಬೀಳಲಿಲ್ಲವೆಂಬ ಸಂಗತಿ ಅಷ್ಟು ವಿಸ್ಮಯಕರವಾದುದು. ಅವರು ಜ್ಯೋತಿಯಲ್ಲಿ ಬೆರೆತರೆಂಬುದು ಭಕ್ತರ ದೃಢವಾದ ನಂಬುಗೆ. ಆದರೆ ಆ ಮಹನೀಯರ ನಿಜವಾದ ಹಿರಿಮೆಯನ್ನು ಅರಿಯಬಯಸುವವರು ಆ ಕೋಣೆಗಿಂತ ಮೊದಲು ವಡಲೂರಿನ ಅಡುಗೆಯ ಒಲೆಯನ್ನು ನೋಡಬೇಕೆಂದು ನಮ್ಮ ಅಭಿಪ್ರಾಯ.

ಸ್ವಾಮಿಗಳು ಜನಿಸಿದ್ದು ೧೮೨೩ನೆಯ ಅಕ್ಟೋಬರ್ ೫ರಂದು, ಚಿದಂಬರದ ಸಮೀಪದ ಮರುದೂರಿನಲ್ಲಿ. ತಂದೆ ರಾಮಯ್ಯ ಪಿಳ್ಳೆ, ತಾಯಿ ಚಿನ್ನಮ್ಮೈ. ಶೈಶವದಲ್ಲಿಯೇ ತಂದೆಯನ್ನು ಕಳೆದುಕೊಂಡು, ಪುರಾಣಪ್ರವಚನದಿಂದ ಜೀವಿಸುತ್ತಿದ್ದ ಅಣ್ಣ ಸಭಾಪತಿಯ ಆಶ್ರಯದಲ್ಲಿ ಚೆನ್ನೈ ನಗರದಲ್ಲಿ ಬೆಳೆದರು. ಕಂದಕೋಟ್ಟದ ಮುರುಗನನ್ನೂ ತಿರುವೊಟ್ರಿಯೂರಿನ ಶಿವನನ್ನೂ ಹಾಡಿದ್ದು ಆ ಕಾಲದಲ್ಲಿಯೇ. ೧೮೫೦ರ ಸುಮಾರಿಗೆ ಬಂಧುಗಳ ಒತ್ತಾಯದಿಂದ ವಿವಾಹವಾಯಿತಾದರೂ ಅವರ ಮನಸ್ಸು ಸಂಸಾರಕ್ಕೆ ಅಂಟಲಿಲ್ಲ. ಮುಂದೆ ನಗರವನ್ನು ತೊರೆದು ಕರುಂಗುಳಿಯಲ್ಲಿ ಹಲವು ವರ್ಷ ನೆಲೆಸಿದರು. ಅವರ ಪದ್ಯಗಳು ‘ತಿರುವರುಟ್ಪಾ’ ಎಂಬ ಹೆಸರಿನಿಂದ ೧೮೬೭ರಲ್ಲಿ ಮೊದಲು ಅಚ್ಚಾದವು. ದೇವಾರ, ತಿರುವಾಚಕಗಳಿಗೆ ಸಲ್ಲುವ ಗೌರವ ಇವಕ್ಕೆ ಸಲ್ಲದೆಂದು ಯಾಳ್ಪಾಣದ ಆರುಮುಗ ನಾವಲರು ತೀವ್ರವಾಗಿ ಖಂಡಿಸಿದರು. ವಾಗ್ವಾದವು ನ್ಯಾಯಾಲಯದವರೆಗೂ ಹೋಯಿತು. ಅದರ ವಿವರ ಇಲ್ಲಿ ಅಪ್ರಕೃತ.

ಅದೇ ೧೮೬೭ರ ಮೇ ೨೩ರಂದು ವಡಲೂರಿನಲ್ಲಿ ‘ಸತ್ಯ ಧರ್ಮಶಾಲೆ’ಯನ್ನು ಸ್ಥಾಪಿಸಿದರು. ಮದರಾಸು ಪ್ರಾಂತವು ೧೮೬೬ರ ಕ್ಷಾಮದಿಂದ ಇನ್ನೂ ಚೇತರಿಸಿಕೊಳ್ಳುತ್ತಿದ್ದ ಕಾಲವದು. ಸ್ಥಳವನ್ನು ನೀಡಿದವರು ಸುತ್ತಣ ರೈತಜನರು. ಬಂದವರ ಜಾತಿ ಮತಗಳನ್ನು ಕೇಳದೆ ಅಲ್ಲಿ ಅನ್ನವಿಕ್ಕಲಾಯಿತು. ಅಂದು ಹೊತ್ತಿಸಿದ ಒಲೆಯ ಬೆಂಕಿಯನ್ನು ಇಂದಿಗೂ ಆರಗೊಡದೆ ಕಾಪಾಡಿಕೊಂಡು ಬರಲಾಗಿದೆ.

ದಾಸೋಹವನ್ನು ಬಲ್ಲ ನಮ್ಮ ಓದುಗರಿಗೆ ಅನ್ನದಾನವೇನೂ ಹೊಸತಲ್ಲ. ಆದರೆ ‘ಜೀವಕಾರುಣ್ಯ ಒಳುಕ್ಕಂ’ ಎಂಬ ಗದ್ಯಪ್ರಬಂಧದಲ್ಲಿ ಸ್ವಾಮಿಗಳು ಹೂಡಿದ ವಾದದ ಸರಣಿ ವಿಶೇಷವಾಗಿ ಪರಿಶೀಲನಾರ್ಹವಾಗಿದೆ. ಅವರ ಮತದಲ್ಲಿ ಕಾರುಣ್ಯವು ಮೋಕ್ಷಸಾಧನೆಗೆ ಸಹಾಯಕವಾದೊಂದು ಗುಣಮಾತ್ರವಲ್ಲ, ಅದೇ ಸಾಧನೆ. ಎಲ್ಲ ಜೀವರೂ ಒಂದೇ ದೈವದ ಸೃಷ್ಟಿಯಾದುದರಿಂದ ಪರಸ್ಪರ ಸಹೋದರರು. ಒಬ್ಬನ ನೋವನ್ನು ಕಂಡು ಮತ್ತೊಬ್ಬನ ಆತ್ಮವು ಕರಗುವುದು ಈ ಸಂಬಂಧದ ಕುರುಹು. ರೋಗ, ದಾರಿದ್ರ್ಯ, ಭಯ ಮೊದಲಾದ ದುಃಖಗಳಲ್ಲಿ ಹಸಿವೆ ಹಾಗೂ ಕೊಲೆಗಳಿಗೆ ಅವರು ಅಗ್ರಸ್ಥಾನವನ್ನು ಕೊಡುತ್ತಾರೆ. ಏಕೆಂದರೆ ಹಸಿದವನ ಬುದ್ಧಿ ಮಂಕಾಗುತ್ತದೆ, ಕರಣಗಳು ಕುಗ್ಗುತ್ತವೆ. ದೈವವನ್ನು ನೆನೆಯಲು ಬೇಕಾದ ದೇಹವೆಂಬ ಮನೆಯೇ ಕುಸಿಯುತ್ತದೆ.

ಇಲ್ಲಿಯೇ ಕಠಿಣವಾದ ಆಕ್ಷೇಪವೊಂದು ಏಳುತ್ತದೆ. ಹಸಿವೆಯು ಪೂರ್ವಕರ್ಮದ ಫಲವಾಗಿದ್ದರೆ, ದೈವವು ವಿಧಿಸಿದ ದಂಡನೆಯನ್ನು ಅನ್ನವಿಕ್ಕಿ ತಪ್ಪಿಸುವುದು ದೈವಾಜ್ಞೆಯ ಉಲ್ಲಂಘನೆಯಾಗದೆ? ಸ್ವಾಮಿಗಳು ಈ ಪ್ರಶ್ನೆಯಿಂದ ನುಣುಚಿಕೊಳ್ಳುವುದಿಲ್ಲ. ಘೋರಾಪರಾಧಿಯ ಕಾಲಿಗೆ ಸಂಕೋಲೆ ತೊಡಿಸಿ ಸೆರೆಯಲ್ಲಿಟ್ಟ ಅರಸನೂ ತನ್ನ ಸೇವಕರ ಕೈಯಿಂದ ಅವನಿಗೆ ಊಟ ಕೊಡಿಸುತ್ತಾನಲ್ಲವೆ ಎಂದು ಅವರು ಕೇಳುತ್ತಾರೆ. ಕರ್ಮಸಿದ್ಧಾಂತವನ್ನು ನಿರಾಕರಿಸದೆಯೇ, ಅದನ್ನು ಮುಂದೊಡ್ಡಿ ಕೈಕಟ್ಟಿ ಕುಳಿತುಕೊಳ್ಳುವವನ ನೆಪವನ್ನು ಈ ಒಂದು ದೃಷ್ಟಾಂತ ಕಿತ್ತುಹಾಕುತ್ತದೆ. ಶಾಸ್ತ್ರಜ್ಞರು ಈ ಉತ್ತರವನ್ನು ಸರಳವೆಂದು ಹಗುರವಾಗಿ ಕಾಣಬಾರದು. ಅನ್ಯರ ಬಡತನಕ್ಕೆ ಅವರವರ ಕರ್ಮವನ್ನೇ ಹೊಣೆಯಾಗಿಸಿ ನಿಶ್ಚಿಂತರಾಗಿರುವ ಧರ್ಮಿಷ್ಠರು ಎಲ್ಲ ಕಾಲದಲ್ಲಿಯೂ ಇದ್ದಾರಷ್ಟೆ!

ಧರ್ಮಶಾಲೆಯ ತರುವಾಯ ಎಂಟು ಮೂಲೆಗಳ ‘ಸತ್ಯಜ್ಞಾನ ಸಭೆ’ ನಿರ್ಮಾಣಗೊಂಡು, ೧೮೭೨ರ ಜನವರಿಯ ತೈಪೂಸದಂದು ಅಲ್ಲಿ ಪ್ರಥಮ ಜ್ಯೋತಿದರ್ಶನ ನಡೆಯಿತು. ಅಲ್ಲಿ ಪೂಜಿಸಲು ವಿಗ್ರಹವಿಲ್ಲ; ಬೇರೆ ಬೇರೆ ಬಣ್ಣದ ಏಳು ತೆರೆಗಳು ಸರಿದ ಮೇಲೆ ದೀಪವೊಂದು ಕಾಣುತ್ತದೆ. ತೆರೆಗಳು ಜೀವನನ್ನು ಕವಿದ ಮಾಯಾವರಣಗಳ ಸಂಕೇತ. ಸ್ವಾಮಿಗಳ ಅನಂತರ ಈ ಸಭೆಯಲ್ಲಿ ವಿಗ್ರಹಾರಾಧನೆಯೂ ಹೊಕ್ಕಿತು. ಅದು ಸಂಸ್ಥಾಪಕರ ಆಶಯಕ್ಕೆ ವಿರುದ್ಧವೆಂದು ಅನುಯಾಯಿಗಳು ವಾದಿಸಲಾಗಿ, ೨೦೧೦ರಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯವು ಜ್ಯೋತಿಯ ಆರಾಧನೆಯ ಪಕ್ಷವನ್ನೇ ಎತ್ತಿಹಿಡಿಯಿತು. ಧರ್ಮಶಾಲೆಯ ವಿಷಯದಲ್ಲಿ ಇಂಥ ವಿವಾದಕ್ಕೆ ಎಡೆಯಿರಲಿಲ್ಲ. ಅಲ್ಲಿ ಹಸಿದು ಬಂದವರಿಗೆ ದಿನವೂ ಅನ್ನ ಬಡಿಸುತ್ತಲೇ ಇದ್ದಾರೆ.