ಎತ್ತಿನ ಕಾಲು ಮುರಿದಾಗ

ಕಾಲು ಮುರಿದ ಎತ್ತು ಇನ್ನು ಉಳುಮೆಗೆ ಬಾರದೆಂದು ಕೈಬಿಡುವ ರೈತರಿದ್ದಾರೆ. ಇದು ಆತುರದ ತೀರ್ಮಾನ. ಮಲಗಿ ವಿಶ್ರಮಿಸುವುದನ್ನು ಕುದುರೆಗಿಂತ ಎತ್ತು ಚೆನ್ನಾಗಿ ತಾಳಿಕೊಳ್ಳುತ್ತದೆ. ಮಂಡಿಯ ಕೆಳಗಿನ ಮೂಳೆ ಚರ್ಮ ಹರಿಯದೆ ಮುರಿದಿದ್ದರೆ ಪ್ಲಾಸ್ಟರ್ ಕಟ್ಟಿನಿಂದ ಕೂಡಿಕೊಳ್ಳುವ ಸಂಭವ ಹೆಚ್ಚು, ತೊಡೆಮೂಳೆಯಾದರೆ ಕಷ್ಟ.

ಎತ್ತನ್ನು ನಡೆಸಬೇಡಿ. ಕಾಲಿಗೆ ಹತ್ತಿ ಸುತ್ತಿ, ಮುರಿತದ ಮೇಲಿನ, ಕೆಳಗಿನ ಕೀಲುಗಳೂ ಅಲುಗಾಡದಂತೆ ಬಿದಿರಿನ ದಬ್ಬೆ ಇಟ್ಟು ಬಟ್ಟೆಯಿಂದ ಕಟ್ಟಿರಿ. ಅತಿಯಾಗಿ ಬಿಗಿದರೆ ರಕ್ತಸಂಚಾರ ನಿಂತು ಗೊರಸಿನ ಭಾಗವೇ ಕೊಳೆಯುತ್ತದೆ. ಮುರಿತದಿಂದಲ್ಲ, ಇಂಥ ಕಟ್ಟಿನಿಂದಲೇ ಕಾಲು ಕಳೆದುಕೊಳ್ಳುವುದೂ ಉಂಟು. ಬರೆ ಹಾಕಿಸುವುದಂತೂ ಬೇಡವೇ ಬೇಡ. ಮೂಳೆ ಹೊರಬಂದಿದ್ದರೆ ಒಳಕ್ಕೆ ತಳ್ಳದೆ, ಶುದ್ಧ ಬಟ್ಟೆ ಹೊದಿಸಿ, ಕೂಡಲೇ ಪಶುವೈದ್ಯರನ್ನು ಕರೆಸಿರಿ.

ಎದ್ದೇಳಲಾಗದಿದ್ದರೆ ದಪ್ಪನಾಗಿ ಹುಲ್ಲು ಹಾಸಿ, ದಿನಕ್ಕೆ ಹಲವು ಬಾರಿ ಮಗ್ಗುಲು ಬದಲಿಸಿ. ಮೂಳೆ ಕೂಡಲು ವಾರಗಟ್ಟಲೆ ಹಿಡಿಯುತ್ತದೆ. ವೈದ್ಯರು ಹೇಳುವ ತನಕ ನೊಗ ಹೂಡಬೇಡಿ.