ಹಿಂದಿನ ಸೀಟಿಗೊಂದು ಟೆಸ್ಟ್ ಡ್ರೈವ್

ಕೇಂದ್ರ ಮೋಟಾರು ವಾಹನ ನಿಯಮಗಳು 1989ರಲ್ಲಿ ಬಂದಾಗ 41ನೇ ನಿಯಮದಲ್ಲಿ ಪುಟ್ಟದೊಂದು ಅವಕಾಶವಿತ್ತು. ನೋಂದಣಿಯಾಗದ ವಾಹನವನ್ನು ಡೀಲರ್ ತನ್ನ ಟ್ರೇಡ್ ಸರ್ಟಿಫಿಕೇಟಿನ ಮೇಲೆ ಯಾವ ಯಾವ ಕೆಲಸಕ್ಕೆ ರಸ್ತೆಗಿಳಿಸಬಹುದು ಎಂದು ಹೇಳುವ ಆ ನಿಯಮ, ಕೊಳ್ಳಲು ಬಂದವರಿಗೆ ‘ಸಮಂಜಸ’ವಾದಷ್ಟು ಓಡಿಸಿ ತೋರಿಸುವುದನ್ನೂ ಸೇರಿಸಿಕೊಂಡಿತ್ತು. ಎಷ್ಟು ನಿಮಿಷ, ಎಷ್ಟು ಕಿಲೋಮೀಟರ್ ಎಂಬ ಮಾತಿಲ್ಲ. ತಮಾಷೆಯೆಂದರೆ, ಓಡಿಸಿ ನೋಡಿ ಆರಿಸಿಕೊಳ್ಳುವಂಥದ್ದು ಆಗ ಪೇಟೆಯಲ್ಲಿ ಹೆಚ್ಚೇನೂ ಇರಲಿಲ್ಲ. ಸಂಸಾರಕ್ಕೊಂದು ಸೆಡಾನ್ ಬೇಕೆಂದರೆ ಅಂಬಾಸಿಡರ್ ಇಲ್ಲವೇ ಪ್ರೀಮಿಯರ್ ಪದ್ಮಿನಿ. ಕೈಯಲ್ಲಿ ಇನ್ನಷ್ಟು ಕಾಸಿದ್ದರೆ ಕಾಂಟೆಸ್ಸಾ. ಅಂಬಾಸಿಡರ್‌ನ ಮೂಲ ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್, ಪದ್ಮಿನಿಯದು ಇಟಲಿಯ ಫಿಯಟ್ 1100. ಎರಡೂ ತವರಿನಲ್ಲಿ ಎಂದೋ ನಿಂತುಹೋಗಿದ್ದವು. ಇಲ್ಲಿ ಮಾತ್ರ ದಶಕಗಳ ಕಾಲ ಜನ ಹಣ ಕಟ್ಟಿ ಸರದಿಗಾಗಿ ಕಾದರು. ಪರೀಕ್ಷೆ ನಡೆಯುತ್ತಿದ್ದದ್ದು ಕಾರಿಗಲ್ಲ, ಗಿರಾಕಿಯ ತಾಳ್ಮೆಗೆ. 1990ರಲ್ಲಿ ಬಂದ ಮಾರುತಿ 1000 ನೋಡಲು ಹೊಸ ಕಾಲದ ಸೆಡಾನೇ, ಆದರೆ ಆ ಮೈಗೆ ಕೊಟ್ಟಿದ್ದು 970 ಸಿಸಿ ಎಂಜಿನ್. ಏರಿನಲ್ಲಿ ಒಮ್ಮೆ ಓಡಿಸಿದರೆ ಸಾಕು, ಅದರ ಏದುಸಿರು ಗೊತ್ತಾಗುತ್ತಿತ್ತು. ಬೇರೆ ದಾರಿಯಿಲ್ಲದವರು ಹಾಗೇ ಕೊಂಡರು. 1,298 ಸಿಸಿ ಎಂಜಿನ್ನಿನೊಂದಿಗೆ ಎಸ್ಟೀಮ್ ಎಂಬ ಹೆಸರಲ್ಲಿ ಅದೇ ಕಾರು ಬಂದದ್ದು ಮತ್ತೆ ನಾಲ್ಕು ವರ್ಷಕ್ಕೆ.

1993ರಲ್ಲಿ ಕಾರು ತಯಾರಿಕೆಗೆ ಲೈಸೆನ್ಸಿನ ಕಟ್ಟು ಬಿಚ್ಚಿತು. ಸಿಯೆಲೊ, ಎಸ್ಕಾರ್ಟ್, ಆಸ್ಟ್ರಾ ಬಂದವು. 1998ರಲ್ಲಿ ಹೋಂಡಾ ಸಿಟಿ, ಅದರ ಬೆನ್ನಿಗೆ ಲ್ಯಾನ್ಸರ್, ಆಕ್ಸೆಂಟ್, ಐಕಾನ್. ಗಿರಾಕಿಯನ್ನು ಕಾಯಿಸುತ್ತಿದ್ದ ಡೀಲರ್ ಗಿರಾಕಿಗಾಗಿ ಕಾಯತೊಡಗಿದ. ನಾವಿಂದು ಟೆಸ್ಟ್ ಡ್ರೈವ್ ಎನ್ನುವುದು ಮೈದಳೆದದ್ದು ಈ ಪೈಪೋಟಿಯಲ್ಲಿ. ಅಂದರೆ ಅದು ಗಿರಾಕಿ ಕೇಳಿ ಪಡೆದ ಹಕ್ಕಲ್ಲ, ಮಾರುವವನು ಕಂಡುಕೊಂಡ ಉಪಾಯ. ಆ ಹುಟ್ಟುಗುಣ ಇಂದಿಗೂ ಹೋಗಿಲ್ಲ. ದಾರಿ ಯಾವುದೆಂದು ಹೇಳುವವರು ಶೋರೂಮಿನವರು. ಕಾರು ತೊಳೆದು ಮಿರುಗುತ್ತಿರುತ್ತದೆ, ಎ.ಸಿ. ಆಗಲೇ ತಣ್ಣಗಾಗಿರುತ್ತದೆ. ಸ್ಟಿಯರಿಂಗ್ ಮುಂದೆ ಚೆಕ್ ಬರೆಯುವವರು, ಪಕ್ಕದಲ್ಲಿ ಮಾತು ನಿಲ್ಲಿಸದ ಸೇಲ್ಸ್ ಹುಡುಗ. ಹಿಂದಿನ ಸೀಟಿನ ಪ್ಲಾಸ್ಟಿಕ್ ಹೊದಿಕೆ ಎಷ್ಟೋ ಸಲ ಹಾಗೇ ಇರುತ್ತದೆ.

ಆದರೆ ಸಂಸಾರದ ಸೆಡಾನಿನ ಹಣೆಬರಹ ನಿರ್ಧಾರವಾಗುವುದು ಆ ಸೀಟಿನಲ್ಲೇ. ಸಿಟಿಯ ಕಥೆಯನ್ನೇ ನೋಡಿ. ಮೊದಲ ತಲೆಮಾರಿನ ಸಿಟಿಯ ವಿಟೆಕ್ ಮಾದರಿಗೆ 106 ಅಶ್ವಶಕ್ತಿ. ವೇಗದ ಹುಚ್ಚಿನವರು ಅದನ್ನು ಇವತ್ತಿಗೂ ನೆನೆಯುತ್ತಾರೆ. 2003ರಲ್ಲಿ ಬಂದ ಎರಡನೆಯ ಸಿಟಿಗೆ ಬರೀ 77. ಅವರೆಲ್ಲ ಮೂಗು ಮುರಿದರು. ಕುಟುಂಬಗಳು ಮಾತ್ರ ಹಿಂದೆ ಕಾಲು ಚಾಚಲು ಸಿಕ್ಕ ಜಾಗ ನೋಡಿದವು, ಮೈಲೇಜ್ ನೋಡಿದವು, ಕೊಂಡವು. ಇಪ್ಪತ್ತು ನಿಮಿಷದ ಓಟದಲ್ಲಿ ಹಳೆಯ ಕಾರೇ ಗೆಲ್ಲುತ್ತಿತ್ತು. ಹತ್ತು ವರ್ಷದ ಸಂಸಾರದಲ್ಲಿ ಗೆದ್ದದ್ದು ಹೊಸದು.

ಲೆಕ್ಕ ಹಾಕಿದರೂ ಇದೇ ಹೊರಡುತ್ತದೆ. ಸಿಟಿ, ವೆರ್ನಾ, ಸ್ಲಾವಿಯಾ, ವರ್ಟಸ್ — ಈ ಅಳತೆಯ ಸೆಡಾನ್‌ಗಳ ತೂಕ ಸುಮಾರು 1,100ರಿಂದ 1,250 ಕಿಲೋ. ಐದು ಜನ ಕೂತು ಡಿಕ್ಕಿಗೆ ಐವತ್ತು ಕಿಲೋ ಸಾಮಾನು ತುಂಬಿದರೆ ಕಾರಿನ ಮೇಲೆ ಅದರ ತೂಕದ ಮೂರನೇ ಒಂದು ಪಾಲಿನಷ್ಟು ಹೊರೆ ಬೀಳುತ್ತದೆ. ಇಬ್ಬರನ್ನು ಹೊತ್ತು ವರ್ತುಲ ರಸ್ತೆಯಲ್ಲಿ ಹಾಯಾಗಿ ಓಡಿದ ಕಾರೂ ಇದೂ ಒಂದೇ ಅಲ್ಲ. ಒಂದು ಲೀಟರ್ ಟರ್ಬೊ ಎಂಜಿನ್ನಿನ ಪೂರ್ತಿ ಎಳೆತ ಸಿಗುವುದು ಅದರ ಸುತ್ತು ನಿಮಿಷಕ್ಕೆ 1,750 ದಾಟಿದ ಮೇಲೆ. ತುಂಬಿದ ಕಾರು ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ ಒಂದೊಂದಕ್ಕೂ ವೇಗ ಕಳೆದುಕೊಂಡು ಮತ್ತೆ ಏರಬೇಕಾದಾಗ ಆ ಅರೆಗಳಿಗೆಯ ಸುಸ್ತು ಬಯಲಾಗುತ್ತದೆ. ಸ್ಲಾವಿಯಾ, ವರ್ಟಸ್‌ಗಳ 1.5 ಲೀಟರ್ ಆಟೊಮ್ಯಾಟಿಕ್‌ನಲ್ಲಿರುವುದು ಒಣ ಕ್ಲಚ್ಚಿನ ಜೋಡಿ. ಖಾಲಿ ರಸ್ತೆಯಲ್ಲಿ ಅದರ ಗೇರ್ ಬದಲಾವಣೆ ಬೆಣ್ಣೆ, ಬೆಂಗಳೂರಿನ ಸಿಲ್ಕ್ ಬೋರ್ಡ್ ಬಳಿಯ ತೆವಳಾಟದಲ್ಲಿ ಅದರ ಸ್ವಭಾವವೇ ಬೇರೆ. ಸಿಟಿಯ ಸಿವಿಟಿಯದ್ದು ತಿರುಗಾಮುರುಗಾ: ತೆವಳಾಟದಲ್ಲಿ ಸಾಧು, ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಸದ್ದು ಮೊದಲು, ವೇಗ ಆಮೇಲೆ.

ಇನ್ನು ಹಂಪ್. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ; ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಯಾವ ಸೆಡಾನಾದರೂ ಅದನ್ನು ಮೆಲ್ಲಗೆ ದಾಟೀತು. ನಮ್ಮ ಊರುಗಳ ಹಂಪಿಗೆ ಆ ಅಳತೆ ಯಾರು ಹಿಡಿದಿದ್ದಾರೆ? ಅಪಘಾತವಾದ ಮರುದಿನ ಜನ ಸಿಟ್ಟಿನಲ್ಲಿ ಹಾಕಿಸಿದ ಹಂಪ್ ಕಿರಿದಾಗಿ, ಚೂಪಾಗಿ, ಬಣ್ಣವಿಲ್ಲದೆ ಮಲಗಿರುತ್ತದೆ. ಸಿಟಿಯ ತಳ ನೆಲದಿಂದ 165 ಮಿಲಿಮೀಟರ್ ಎತ್ತರ, ಸ್ಲಾವಿಯಾದ್ದು 179. ಅಂಕಿ ಕಾಗದದ ಮೇಲೆ ಚೆನ್ನಾಗೇ ಇದೆ. ಹಿಂದೆ ಮೂವರು ಕೂತು ಸ್ಪ್ರಿಂಗ್ ಕುಸಿದಾಗ ಎಷ್ಟು ಉಳಿಯುತ್ತದೆ ಎಂಬುದನ್ನು ಹೇಳುವುದು ‘ಕರ್’ ಎಂದು ತಳ ಉಜ್ಜುವ ಸದ್ದು. ಆ ಮೂವರಲ್ಲಿ ನಡುವೆ ಕೂತವರ ಪಾದ ಎಲ್ಲಿ ಹೋಗುತ್ತದೆ, ನೆಲದ ದಿಬ್ಬಕ್ಕೆ ಮಂಡಿ ಎಷ್ಟು ಮೇಲೇಳುತ್ತದೆ, ಸೀರೆಯುಟ್ಟು ಮಂಡಿನೋವಿರುವವರು ಇಷ್ಟು ತಗ್ಗಿನ ಸೀಟಿನಿಂದ ಯಾರ ಕೈಯನ್ನೂ ಹಿಡಿಯದೆ ಏಳಬಲ್ಲರೇ — ಯಾವ ಬ್ರೋಷರಿನಲ್ಲೂ ಇದಕ್ಕೆ ಕಾಲಂ ಇಲ್ಲ.

ವಿಡಿಯೊ ವಿಮರ್ಶೆಗಳಿರುವಾಗ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಅರ್ಧ ದಿನ ಓಡಿಸಿ ನೋಡುವುದೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ವಿಮರ್ಶಕರ ಕೆಲಸ ಚಿಕ್ಕದಲ್ಲ. ಸುರಕ್ಷತೆಯ ಮಟ್ಟಿಗಂತೂ ಟೆಸ್ಟ್ ಡ್ರೈವ್ ನಿರುಪಯೋಗಿ. ಸ್ಲಾವಿಯಾ, ವರ್ಟಸ್, ವೆರ್ನಾ 2023ರಲ್ಲಿ ಗ್ಲೋಬಲ್ ಎನ್‌ಕ್ಯಾಪ್‌ನ ಐದು ನಕ್ಷತ್ರ ಪಡೆದದ್ದನ್ನು ಓದಿಯೇ ತಿಳಿಯಬೇಕು, ಗುದ್ದಿ ನೋಡಲಾಗದು. ಆದರೆ ವಿಮರ್ಶಕನೂ ಬಹುಪಾಲು ಮುಂದಿನ ಸೀಟಿನ ಮನುಷ್ಯನೇ, ಅವನ ಜೊತೆ ಇರುವುದು ಕ್ಯಾಮೆರಾದವನು. ಸೆಡಾನೇ ಅಳಿಯುತ್ತಿದೆ, ಎಲ್ಲರೂ ಎಸ್‌ಯುವಿ ಕಡೆ ಓಡುತ್ತಿದ್ದಾರೆ, ಈ ಚರ್ಚೆಯೇ ಹಳತು ಎಂಬ ಮಾತೂ ಇದೆ. ಹೋಗುತ್ತಿರುವುದು ನಿಜ. ಹೋಗುವವರು ಕೊಡುವ ಕಾರಣ ಕೇಳಿ: ತಳ ಬಡಿಯುತ್ತದೆ, ಹಿರಿಯರಿಗೆ ಹತ್ತಿ ಇಳಿಯುವುದು ಕಷ್ಟ. ಎರಡೂ ಹಿಂದಿನ ಸೀಟಿನಲ್ಲಿ ಕೂತು ಅರ್ಧ ದಿನ ತಿರುಗಿದರೆ ಇತ್ಯರ್ಥವಾಗುವ ಪ್ರಶ್ನೆಗಳು. ಹಾಗೆ ತಿರುಗದೆ ಭಯದ ಮೇಲೆ ಸೆಡಾನ್ ಬಿಡುವುದೂ, ಮೋಹದ ಮೇಲೆ ಕೊಳ್ಳುವುದೂ ಒಂದೇ ಜಾತಿಯ ತಪ್ಪು.

ಗಟ್ಟಿಯಾದ ಆಕ್ಷೇಪ ಡೀಲರನದು. ಬಂದವರಿಗೆಲ್ಲ ಅರ್ಧ ದಿನ ಕಾರು ಕೊಟ್ಟರೆ ಪೆಟ್ರೋಲ್ ಯಾರದು, ಗೀಚು ಬಿದ್ದರೆ ಹೊಣೆ ಯಾರದು? ಬಂದವರಿಗೆಲ್ಲ ಬೇಡ. ಎರಡು ಕಾರಿಗೆ ಇಳಿಸಿಕೊಂಡು ಬಂದವರಿಗೆ ಕೊಡಲಿ, ಠೇವಣಿ ಇಟ್ಟುಕೊಳ್ಳಲಿ, ಪೆಟ್ರೋಲನ್ನು ಗಿರಾಕಿಯೇ ಹಾಕಿಸಲಿ. ಕರ್ನಾಟಕದಲ್ಲಿ ಹತ್ತರಿಂದ ಇಪ್ಪತ್ತು ಲಕ್ಷದೊಳಗಿನ ಕಾರಿಗೆ ಆಜೀವ ತೆರಿಗೆ ಶೇ 17. ಹದಿನೈದು ಲಕ್ಷದ ಸೆಡಾನ್ ಮೇಲೆ ಅದೊಂದೇ ₹2.55 ಲಕ್ಷ, ಸೆಸ್ ಬೇರೆ. ಇಷ್ಟು ಕಟ್ಟಿ ನಂಬರ್ ಬಿದ್ದ ಮರುದಿನವೇ ಅದು ಸೆಕೆಂಡ್ ಹ್ಯಾಂಡ್ ಕಾರು. ಅತ್ತೆಗೆ ಬೆನ್ನು ನೋವು ಬಂತೆಂದು ವಾಪಸ್ ಕೊಡಲು ಶೋರೂಮಿನಲ್ಲಿ ಕೌಂಟರ್ ಇಲ್ಲ.